ಅಪರಿಚಿತ ಪರ್ವತಶ್ರೇಣಿಯಲ್ಲಿ ಎರಡು ದಿನದ ಆರೋಹಣ: ಅನುಭವಿಗಳು ಏನು ಹೇಳುತ್ತಾರೆ?

ಕೇಳಿದವರು:
ನಾನು ಮತ್ತು ನನ್ನ ಜೊತೆಗಾರರೊಬ್ಬರು ಕೆಲವು ವರ್ಷಗಳಿಂದ ಬಂಡೆ ಹತ್ತುತ್ತಿದ್ದೇವೆ; ಹಿಮದ ಮೇಲೆ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳುಗಳು) ಮತ್ತು ಐಸ್ ಆಕ್ಸ್ (ಹಿಮಗೊಡಲಿ) ಬಳಸುವ ತರಬೇತಿಯೂ ಆಗಿದೆ. ನಾವು ಇದುವರೆಗೆ ಕಾಲಿಡದ ಶ್ರೇಣಿಯೊಂದರಲ್ಲಿ ಸುಮಾರು 3,500 ಮೀಟರ್ ಎತ್ತರದ ಶಿಖರವನ್ನು ಬಂಡೆಯ ರಿಡ್ಜ್ (ಚೂಪಾದ ಏಣು) ಮೂಲಕ ಹತ್ತಬೇಕೆಂದಿದ್ದೇವೆ. ಶುಕ್ರವಾರ ರಾತ್ರಿ ತಲುಪಿ ಭಾನುವಾರ ಸಂಜೆ ಹಿಂದಿರುಗಬೇಕು. ಇಂತಹ ಆರೋಹಣ ಮಾಡಿದವರು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:
ಇಳಿಯುವ ದಾರಿಯನ್ನು ಮೊದಲು ಓದಿಕೊಳ್ಳಿ, ಹತ್ತುವ ದಾರಿಯನ್ನು ಆಮೇಲೆ. ಹತ್ತುವಾಗ ಕಣ್ಣು ಎದುರಿನ ಬಂಡೆಯ ಮೇಲೆಯೇ ಇರುವುದರಿಂದ ದಾರಿ ತಪ್ಪಿದರೆ ಬೇಗ ತಿಳಿಯುತ್ತದೆ. ಇಳಿಯುವಾಗ ಕೆಳಗಿನ ಕಡಿದಾದ ಭಾಗ ಕಾಣುವುದೇ ಇಲ್ಲ, ದಣಿವೂ ಸೇರಿಕೊಂಡಿರುತ್ತದೆ, ತಪ್ಪು ಕಣಿವೆಗೆ ಇಳಿದದ್ದು ಅರಿವಾಗುವ ಹೊತ್ತಿಗೆ ಮರಳಿ ಹತ್ತುವಷ್ಟು ಬೆಳಕು ಉಳಿದಿರುವುದಿಲ್ಲ. ಆದ್ದರಿಂದ ಶನಿವಾರ ತಂಗುದಾಣ ಸೇರಿದ ಕೂಡಲೇ ಬೂಟು ಕಳಚದೆ, ಇಳಿಯುವ ದಾರಿ ಬಂದು ಕೂಡುವ ಜಾಗದವರೆಗೆ ನಡೆದುಹೋಗಿ ಅದನ್ನು ಕೆಳಗಿನಿಂದ ನೋಡಿ, ಎದ್ದು ಕಾಣುವ ಗುರುತುಗಳ ಚಿತ್ರ ತೆಗೆದುಕೊಳ್ಳಿ.

ಹಗ್ಗದ ಲೆಕ್ಕವೂ ಇಳಿಯುವ ದಾರಿಯಿಂದಲೇ ಹುಟ್ಟುತ್ತದೆ. 60 ಮೀಟರ್ ಹಗ್ಗವನ್ನು, ಕೆಳಗಿನಿಂದ ಎಳೆದುಕೊಳ್ಳಲು ಬರುವಂತೆ ಮಡಿಸಿ ರ‍್ಯಾಪೆಲ್ (ಹಗ್ಗದ ಆಧಾರದಲ್ಲಿ ಜಾರಿ ಇಳಿಯುವುದು) ಮಾಡಿದರೆ ಒಮ್ಮೆಗೆ ಇಳಿಯಬಹುದಾದದ್ದು 30 ಮೀಟರ್ ಮಾತ್ರ. ಆಂಕರ್‌ಗಳ (ಹಗ್ಗ ಕಟ್ಟುವ ಆಧಾರಗಳ) ನಡುವೆ ಅದಕ್ಕಿಂತ ಹೆಚ್ಚು ಅಂತರವಿದ್ದರೆ ಒಂದೇ ಹಗ್ಗ ಸಾಲುವುದಿಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಸ್ಲಿಂಗ್‌ಗಳು (ಹಿಂದಿನವರು ಆಧಾರಕ್ಕೆ ಕಟ್ಟಿ ಬಿಟ್ಟುಹೋದ ಪಟ್ಟಿಗಳು) ಬಲ ಕಳೆದುಕೊಂಡಿರುತ್ತವೆಯಾದ್ದರಿಂದ, ಬಿಟ್ಟುಬರಲು ಬೇಕಾದಷ್ಟು ಹೊಸ ಹುರಿಯನ್ನೂ ಒಂದು ಚಾಕುವನ್ನೂ ಜೊತೆಗಿಡಿ. ತುದಿ ದಾಟಿ ಜಾರದಂತೆ ಹಗ್ಗದ ಎರಡೂ ತುದಿಗೆ ಗಂಟು ಹಾಕುವುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇನ್ನು ದರ್ಜೆಯ ವಿಷಯ. ಬಂಡೆಯ ದರ್ಜೆ ಹತ್ತುವ ಚಲನೆಗಳ ಕಷ್ಟವನ್ನು ಹೇಳುತ್ತದೆ. ಸುಲಭದಿಂದ ಕಷ್ಟಕ್ಕೆ ಎಫ್, ಪಿಡಿ, ಎಡಿ, ಡಿ ಎಂದು ಮುಂದುವರಿಯುವ ಫ್ರೆಂಚ್ ಆಲ್ಪೈನ್ ದರ್ಜೆ ದಾರಿಯ ಉದ್ದ, ಅಪಾಯ, ಹಿಂದಿರುಗುವ ಕಷ್ಟ ಎಲ್ಲವನ್ನೂ ಸೇರಿಸಿ ಅಳೆಯುತ್ತದೆ. ರಕ್ಷಣೆಗೆ ಮೊದಲೇ ಬೋಲ್ಟ್ ಹಾಕಿದ ಬಂಡೆಗೋಡೆಯಲ್ಲಿ ನೀವು ಎಷ್ಟೇ ಗಟ್ಟಿಗರಾಗಿದ್ದರೂ ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಹೊಸ ಶ್ರೇಣಿಯ ಮೊದಲ ದಾರಿ ನಿಮ್ಮ ಸಾಮರ್ಥ್ಯಕ್ಕಿಂತ ಒಂದು ಮೆಟ್ಟಿಲಾದರೂ ಕೆಳಗಿರಲಿ.

ಎರಡನೆಯ ಉತ್ತರ:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಸಮಯದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಕಾಲುದಾರಿಗೆ ಯುರೋಪಿನಲ್ಲಿ ರೂಢಿಯಲ್ಲಿರುವ ಒಂದು ಲೆಕ್ಕ ಹೀಗಿದೆ: ಗಂಟೆಗೆ 300 ಮೀಟರ್ ಏರಿಕೆ, 500 ಮೀಟರ್ ಇಳಿಕೆ, ಸಮತಲದಲ್ಲಿ 4 ಕಿಲೋಮೀಟರ್. ಎತ್ತರಕ್ಕೆ ಬೇಕಾಗುವ ಸಮಯ ಮತ್ತು ದೂರಕ್ಕೆ ಬೇಕಾಗುವ ಸಮಯ ಇವೆರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸಬೇಕು. 6 ಕಿಲೋಮೀಟರ್ ದೂರದಲ್ಲಿ 1,200 ಮೀಟರ್ ಏರುವುದಿದ್ದರೆ, 4 ಗಂಟೆಗೆ ಒಂದೂವರೆಯ ಅರ್ಧ ಸೇರಿ ನಾಲ್ಕೂಮುಕ್ಕಾಲು ಗಂಟೆ. ಹಗ್ಗ ಕಟ್ಟಿಕೊಂಡ ಮೇಲೆ ಈ ಲೆಕ್ಕ ಕೆಲಸಕ್ಕೆ ಬಾರದು. ಅಲ್ಲಿ ಪ್ರತಿ ಬಿಲೇಯಲ್ಲಿ (ನಿಂತು ಜೊತೆಗಾರರ ಹಗ್ಗ ಹಿಡಿಯುವ ಜಾಗದಲ್ಲಿ) ಕಳೆಯುವ ನಿಮಿಷಗಳೇ ದಿನವನ್ನು ತಿನ್ನುತ್ತವೆ.

ಇಷ್ಟು ಹೊತ್ತಿಗೆ ಶಿಖರ ತಲುಪದಿದ್ದರೆ ಹಿಂದಿರುಗುತ್ತೇವೆ ಎಂಬ ಗಡುವನ್ನು ಹೊರಡುವ ಮೊದಲೇ ಇಬ್ಬರೂ ಒಪ್ಪಿಕೊಳ್ಳಿ. ಶಿಖರ ಕಣ್ಣೆದುರಿಗಿರುವಾಗ ಆ ಚರ್ಚೆ ನ್ಯಾಯವಾಗಿ ನಡೆಯುವುದಿಲ್ಲ. ಗಡುವನ್ನು ಬಿಸಿಲು ನೋಡಿ ನಿಗದಿಪಡಿಸಬೇಕು: ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಬೆಳಗ್ಗೆಯೇ ಮೆತ್ತಗಾಗುತ್ತದೆ, ರಾತ್ರಿಯ ಮಂಜುಗಡ್ಡೆ ಹಿಡಿದಿಟ್ಟ ಕಲ್ಲುಗಳು ಬಿಸಿಲು ತಾಗಿದೊಡನೆ ಉದುರತೊಡಗುತ್ತವೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ಕಟ್ಟುವುದು ಸಾಮಾನ್ಯ. ರಾತ್ರಿ ಮೋಡ ಮುಸುಕಿದ್ದರೆ ಇನ್ನೂ ಎಚ್ಚರವಿರಲಿ. ನಿರ್ಮಲ ಆಕಾಶದಡಿ ಹಿಮ ತನ್ನ ಶಾಖವನ್ನು ಹೊರಸೂಸಿ ಗಟ್ಟಿಯಾಗುತ್ತದೆ; ಮೋಡವಿದ್ದರೆ ಆ ಶಾಖ ಅಷ್ಟಾಗಿ ಹೊರಹೋಗದೆ ಮುಂಜಾನೆಯೂ ಹಿಮ ಮೆದುವಾಗಿಯೇ ಉಳಿಯಬಹುದು.

ಮೂರನೆಯ ಉತ್ತರ:
ಎತ್ತರದ ಬಗ್ಗೆ ಯಾರೂ ಹೇಳಿಲ್ಲ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗಾದರೂ ಬರಬಹುದು. ದೇಹಬಲಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ದಿನದಲ್ಲಿ ದೇಹ ಪೂರ್ತಿ ಒಗ್ಗಿಕೊಳ್ಳುವುದಿಲ್ಲವಾದ್ದರಿಂದ, ಒಗ್ಗಿಕೊಂಡೇವೆಂಬ ನಂಬಿಕೆಯ ಮೇಲೆ ಯೋಜನೆ ಕಟ್ಟಬೇಡಿ. ತಲೆನೋವಿನ ಜೊತೆಗೆ ವಾಕರಿಕೆ ಕಾಣಿಸಿಕೊಂಡರೆ ಮೇಲೇರಬಾರದು. ನಡಿಗೆ ತಡವರಿಸಿದರೆ ಅಥವಾ ಕುಳಿತಲ್ಲೇ ಉಸಿರು ಕಟ್ಟಿದರೆ ತಡಮಾಡದೆ ಕೆಳಗಿಳಿಯಬೇಕು. ಔಷಧದ ವಿಚಾರವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ.

ನಾಲ್ಕನೆಯ ಉತ್ತರ:
ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನೂ ಬೇರೆಯವರು ದಾಖಲಿಸಿದ ಜಿಪಿಎಸ್ ಜಾಡುಗಳನ್ನೂ ಪೂರ್ತಿ ನಂಬಬೇಡಿ. ಹಿಮನದಿಗಳು ಕುಗ್ಗುತ್ತಿರುವುದರಿಂದ, ಹಿಂದೆ ಹಿಮದಿಂದ ನೇರವಾಗಿ ಬಂಡೆಗೆ ಕಾಲಿಡುತ್ತಿದ್ದ ಎಷ್ಟೋ ಕಡೆ ಈಗ ನುಣುಪಾದ ಬಂಡೆಯೂ ಸಡಿಲ ಕಲ್ಲಿನ ರಾಶಿಯೂ ಎದುರಾಗುತ್ತವೆ. ಕಳೆದ ವರ್ಷದ ಜಾಡು ಈ ವರ್ಷದ ಹಿಮಬಿರುಕಿನ ಮೇಲೆಯೇ ಹಾದುಹೋಗಬಹುದು. ಇದಕ್ಕೆ ತಂಗುದಾಣ ನೋಡಿಕೊಳ್ಳುವವರನ್ನು ಕೇಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅವರಲ್ಲಿ ಹವಾಮಾನವನ್ನಷ್ಟೇ ವಿಚಾರಿಸದೆ, ಈ ವಾರ ಆ ದಾರಿಯಲ್ಲಿ ಯಾರಾದರೂ ಇಳಿದುಬಂದರೇ, ಎಷ್ಟು ಹೊತ್ತಿಗೆ ಬಂದರು ಎಂದು ಕೇಳಿ.

ಫೋನು ಸಿಗದ ಕಡೆ ಸಹಾಯಕ್ಕೆ ಕರೆಯಲು ನೆನಪಿರಬೇಕಾದದ್ದು: ನಿಮಿಷಕ್ಕೆ ಆರು ಬಾರಿ ಸೀಟಿ ಅಥವಾ ಬೆಳಕು, ಬಳಿಕ ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ನಿಮಿಷಕ್ಕೆ ಮೂರು ಬಾರಿ ಬಂದರೆ ನಿಮ್ಮ ಕರೆ ತಲುಪಿದೆ ಎಂದರ್ಥ.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮ ದಾರಿಯ ಇಳಿಕೆಯಲ್ಲಿ 45 ಮೀಟರಿನ ಒಂದು ರ‍್ಯಾಪೆಲ್ ಇದೆಯೆಂದು ಈಗ ಗಮನಿಸಿದೆ. ಉಳಿದವೆಲ್ಲ 25ರ ಒಳಗಿವೆ. ಅದೊಂದಕ್ಕಾಗಿ ಎರಡನೆಯ ಹಗ್ಗ ಹೊರಬೇಕೇ?

ಮೊದಲು ಉತ್ತರಿಸಿದವರು:
ಹೊರಬೇಕು. 60 ಮೀಟರಿನ ಎರಡು ತೆಳುವಾದ, ಜೋಡಿಯಾಗಿ ಬಳಸುವ ಹಾಫ್ ರೋಪ್‌ಗಳಾದರೆ ಇಬ್ಬರೂ ಒಂದೊಂದನ್ನು ಹೊತ್ತುಕೊಳ್ಳಬಹುದು, ಕಲ್ಲು ಬಿದ್ದು ಒಂದು ಕತ್ತರಿಸಿದರೂ ಇನ್ನೊಂದು ಉಳಿದಿರುತ್ತದೆ, ನಡುದಾರಿಯಿಂದ ಹಿಂದಿರುಗಬೇಕಾಗಿ ಬಂದರೂ ಒಮ್ಮೆಗೆ ಹೆಚ್ಚು ಉದ್ದ ಇಳಿಯಬಹುದು. ಆದರೆ ಚಿಕ್ಕ ರ‍್ಯಾಪೆಲ್‌ಗಳಲ್ಲಿ ಎರಡನ್ನೂ ಜೋಡಿಸಬೇಡಿ. ಹಗ್ಗ ಎಳೆಯುವಾಗ ಜೋಡಣೆಯ ಗಂಟು ಬಂಡೆಯ ಸಂದಿನಲ್ಲಿ ಸಿಕ್ಕಿಕೊಳ್ಳಬಹುದು.