ಜೋರಾಗಿ ಬಂದು ತಿರುಗಿಸಿದರೆ ರಿಮೋಟ್ ಕಾರು ಆಫ್ ಆಗುತ್ತದೆ, ಇಎಸ್‌ಸಿ ಬದಲಿಸಬೇಕಾ?

ಕೆಂಪುಧೂಳು:
ಎಲ್ಲರಿಗೂ ನಮಸ್ಕಾರ. ನನ್ನದು 1/10 ಅಳತೆಯ ಬಗ್ಗಿ, ಮಣ್ಣಲ್ಲಿ ಓಡಿಸೋ ರಿಮೋಟ್ ಕಾರು. ಕಿಟ್ ತರಿಸಿ ಮನೆಯಲ್ಲೇ ಜೋಡಿಸಿದ್ದು, ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. 540 ಬ್ರಶ್ಡ್ ಮೋಟಾರ್, 60 ಆಂಪ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸೋ ಭಾಗ), 2ಎಸ್ ಲಿಪೊ ಬ್ಯಾಟರಿ, ಸ್ಟೀರಿಂಗ್ ತಿರುಗಿಸೋಕೆ ಎಂಜಿ996ಆರ್ ಸರ್ವೊ. ನೇರ ಓಡಿಸಿದರೆ ಏನೂ ತೊಂದರೆ ಇಲ್ಲ. ಜೋರಾಗಿ ಬಂದು ಪೂರ್ತಿ ತಿರುಗಿಸಿದರೆ ಮಾತ್ರ ಸ್ಟೀರಿಂಗ್ ಗಡಗಡ ನಡುಗಿ ಮೋಟಾರ್ ನಿಲ್ಲುತ್ತದೆ. ಆಮೇಲೆ ಬೀಪ್ ಅಂದು ತಾನೇ ಸರಿಹೋಗುತ್ತದೆ. ಚಿತ್ರದುರ್ಗದ ಕಡೆ ಕೆಂಪು ಮಣ್ಣಿನ ಬಯಲಲ್ಲಿ ಓಡಿಸುತ್ತೇನೆ. ಅಂಗಡಿಯವರು ಇಎಸ್‌ಸಿ ಹೋಗಿದೆ, ಹೊಸದು ಹಾಕಿ ಅಂದರು. ದುಡ್ಡು ಹಾಕೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ.

ವೇಗದೂತ:
ಮೋಟಾರಿಗೆ ಕೆಪಾಸಿಟರ್ ಬೆಸುಗೆ ಹಾಕಿದೀರಾ? 104 ಅಂತ ಬರೆದಿರೋ ಪುಟ್ಟ ಸೆರಾಮಿಕ್ ಕೆಪಾಸಿಟರ್. ಅದಿಲ್ಲದಿದ್ದರೆ ಮೋಟಾರ್ ಒಳಗಿನ ಬ್ರಶ್ ಕಿಡಿಯಿಂದ ರಿಸೀವರ್‌ಗೆ (ರಿಮೋಟಿನ ಸಂಕೇತ ಹಿಡಿಯೋ ಭಾಗ) ತೊಂದರೆ ಆಗುತ್ತೆ.

ಕೆಂಪುಧೂಳು:
ಮೂರು ಇವೆ ಗುರು. ಕಂಪನಿಯಿಂದಲೇ ಹಾಕಿ ಬಂದಿದ್ದು.

ಸೋಲ್ಡರ್‌ಮಾವ:
ಹಾಗಾದರೆ ಅದಲ್ಲ. ಕಿಡಿಯ ತೊಂದರೆ ಆಗಿದ್ದರೆ ನೇರ ಓಡುವಾಗಲೂ ಕಾಣಬೇಕಿತ್ತು. ತಮ್ಮಾ, ಸದ್ಯಕ್ಕೆ ಏನೂ ಕೊಳ್ಳಬೇಡ. ಕರೆಂಟ್ ಎಲ್ಲಿ ಕಡಿತ ಆಗ್ತಿದೆ ಅಂತ ಮೊದಲು ನೋಡು. ಅದಕ್ಕೆ ರಿಸೀವರ್ ಮೇಲಿನ ಪುಟ್ಟ ದೀಪ ಸಾಕು, ಮೀಟರ್ ಕೂಡ ಬೇಡ.

ಬಾಡಿ ತೆಗಿ. ಕಾರಿನ ಹಿಂಭಾಗವನ್ನು ಒಂದು ಡಬ್ಬದ ಮೇಲೆ ಕೂರಿಸು, ಹಿಂದಿನ ಚಕ್ರ ಗಾಳಿಯಲ್ಲಿರಲಿ. ಮುಂದಿನ ಚಕ್ರ ಕಾಲೊರಸಿನ ಮೇಲಿರಲಿ, ಆಗ ಸ್ಟೀರಿಂಗ್‌ಗೆ ನಿಜವಾದ ಹೊರೆ ಬೀಳುತ್ತದೆ. ಥ್ರಾಟಲ್ ಕೊಟ್ಟು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸುತ್ತಾ ದೀಪ ನೋಡು.

ದೀಪ ಆರಿ ಹತ್ತಿದರೆ ಅಥವಾ ಮಿಣಮಿಣ ಅಂದರೆ ರಿಸೀವರ್‌ಗೇ ಕರೆಂಟ್ ಸಾಲುತ್ತಿಲ್ಲ. ದೀಪ ಉರಿಯುತ್ತಲೇ ಇದ್ದು, ಸ್ಟೀರಿಂಗ್ ಕೆಲಸ ಮಾಡುತ್ತಾ ಮೋಟಾರ್ ಮಾತ್ರ ಸೊರಗಿದರೆ ಅದು ಬ್ಯಾಟರಿ ವೋಲ್ಟೇಜ್ ಇಳಿದು ಇಎಸ್‌ಸಿ ತಾನೇ ತಡೆದದ್ದು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಹೊರಟರೆ ಬಿಸಿಯ ಸಮಸ್ಯೆ. ಈ ಮೂರನ್ನೂ ನಮ್ಮವರು ಒಟ್ಟಿಗೆ 'ಇಎಸ್‌ಸಿ ಹೋಯ್ತು' ಅಂದುಬಿಡುತ್ತಾರೆ.

ಕೆಂಪುಧೂಳು:
ನೋಡಿದೆ ಮಾವ. ಬಲಕ್ಕೆ ಪೂರ್ತಿ ತಿರುಗಿಸಿದಾಗ ದೀಪ ಆರುತ್ತೆ! ಥ್ರಾಟಲ್ ಕೊಡದಿದ್ದರೂ ಒಮ್ಮೊಮ್ಮೆ ಆರುತ್ತೆ. ಎಡಕ್ಕೆ ಆಗಲ್ಲ. ಬಲಕ್ಕೆ ಹಿಡಿದರೆ ಸರ್ವೊ ಗುಂಯ್ ಅಂತ ಸದ್ದು ಮಾಡುತ್ತೆ.

ಸೋಲ್ಡರ್‌ಮಾವ:
ಕಳ್ಳ ಸಿಕ್ಕಿದ. ಇಎಸ್‌ಸಿಯೊಳಗೆ ಬಿಇಸಿ ಅಂತ ಒಂದು ಭಾಗ ಇರುತ್ತದೆ. ಬ್ಯಾಟರಿಯ 7.4 ವೋಲ್ಟನ್ನು 5 ಅಥವಾ 6ಕ್ಕೆ ಇಳಿಸಿ ರಿಸೀವರ್‌ಗೂ ಸರ್ವೊಗೂ ಕೊಡುವುದು ಅದೇ. ಈ ದರ್ಜೆಯ ಇಎಸ್‌ಸಿಗಳಲ್ಲಿ ಅದರ ತಾಕತ್ತು ಸಾಮಾನ್ಯವಾಗಿ 2ರಿಂದ 3 ಆಂಪ್. 60 ಆಂಪ್ ಅನ್ನೋದು ಮೋಟಾರಿನ ಲೆಕ್ಕ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಂಜಿ996ಆರ್ ತಿರುಗಲು ಆಗದೆ ಸಿಕ್ಕಿಕೊಂಡರೆ ಅದೊಂದೇ ಸುಮಾರು 2.5 ಆಂಪ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ನಿನಗೆ ಕಂಡದ್ದು ಅದೇ.

ಬಲಕ್ಕೆ ಮಾತ್ರ ಆಗ್ತಿದೆ ಅಂದರೆ ಎಲ್ಲೋ ಬಿಗಿ ಇದೆ. ಸರ್ವೊ ಹಾರ್ನ್‌ನ (ಸರ್ವೊ ಮೇಲಿನ ಪುಟ್ಟ ತೋಳು) ಸ್ಕ್ರೂ ತೆಗೆದು ಹಾರ್ನ್ ಎಳೆದುಬಿಡು. ಚಕ್ರಗಳನ್ನು ಒಂದು ಬೆರಳಿನಿಂದ ತಿರುಗಿಸಿ ನೋಡು. ಎರಡೂ ಕಡೆ ಕೊನೆವರೆಗೆ ಸಲೀಸಾಗಿ ಹೋಗಬೇಕು. ತಡೆದರೆ ಮೂರು ಜಾಗ ನೋಡು: ಬೆಲ್‌ಕ್ರ್ಯಾಂಕ್‌ನ (ಸರ್ವೊ ಚಲನೆಯನ್ನು ಚಕ್ರಗಳಿಗೆ ದಾಟಿಸುವ ತೋಳು) ಸ್ಕ್ರೂ ಅತಿ ಬಿಗಿಯಾಗಿದೆಯಾ, ಅದು ತಿರುಗುವ ಬುಶ್‌ನಲ್ಲಿ ಮಣ್ಣು ಕೂತಿದೆಯಾ, ಸ್ಟೀರಿಂಗ್ ಕಡ್ಡಿಗಳ ತುದಿಯ ಬಾಲ್ ಕಪ್ ಗಟ್ಟಿಯಾಗಿದೆಯಾ.

ಹಾರ್ನ್ ಮತ್ತೆ ಕೂರಿಸುವಾಗ ಟ್ರಾನ್ಸ್‌ಮಿಟರ್ (ಕೈಯಲ್ಲಿರೋ ರಿಮೋಟ್), ಕಾರು ಎರಡೂ ಆನ್ ಆಗಿರಲಿ. ಸ್ಟೀರಿಂಗ್ ಟ್ರಿಮ್ (ನಡುವಿನ ಸ್ಥಾನ ಹೊಂದಿಸೋದು) ಸೊನ್ನೆಗೆ ತಂದು, ಸರ್ವೊ ನಡುವೆ ನಿಂತಾಗ ಹಾಕು. ಸುಮ್ನೆ ಅಂದಾಜಿಗೆ ಹಾಕಿದರೆ ಒಂದು ಹಲ್ಲು ಆಚೀಚೆ ಆಗುತ್ತದೆ. ಆಗ ಒಂದು ಕಡೆ ಕಡಿಮೆ ತಿರುಗುತ್ತದೆ, ಇನ್ನೊಂದು ಕಡೆ ಚಕ್ರ ತಡೆಗೆ ತಾಗಿದ ಮೇಲೂ ಸರ್ವೊ ತಳ್ಳುತ್ತಲೇ ಇರುತ್ತದೆ. ಕೊನೆಗೆ ಟ್ರಾನ್ಸ್‌ಮಿಟರ್‌ನಲ್ಲಿ ಎಸ್‌ಟಿ ಡಿ/ಆರ್ ಅಂತ ಬರೆದ, ಸ್ಟೀರಿಂಗ್ ಎಷ್ಟು ತಿರುಗಬೇಕು ಅಂತ ಹೊಂದಿಸುವ ತಿರುಗಣೆ ಇದ್ದರೆ ಗುಂಯ್ ಸದ್ದು ನಿಲ್ಲುವವರೆಗೆ ಇಳಿಸು.

ಕಡಲತಡಿ:
ನಡುವೆ ಬಾಯಿ ಹಾಕ್ತೀನಿ. ಬ್ಯಾಟರಿ ಕನೆಕ್ಟರ್ ಕೂಡ ಮುಟ್ಟಿ ನೋಡಿ. ಹಳೇ ಬಿಳಿ ಟಮಿಯಾ ಕನೆಕ್ಟರ್ ಆಗಿದ್ದರೆ ಒಳಗಿನ ಪಿನ್ ಸಡಿಲವಾಗಿ ಬಿಸಿ ಆಗುತ್ತೆ. ಪ್ಲಾಸ್ಟಿಕ್ ಕಂದು ತಿರುಗಿದ್ದರೆ ಎಕ್ಸ್‌ಟಿ60 ಕನೆಕ್ಟರ್ ಹಾಕಿಬಿಡಿ. ನಮ್ಮ ಮಂಗಳೂರಲ್ಲಿ ಉಪ್ಪು ಗಾಳಿಗೆ ಈ ಪಿನ್‌ಗಳು ಬೇಗ ಹಾಳಾಗುತ್ತವೆ.

ಕೆಂಪುಧೂಳು:
ಟಮಿಯಾನೇ ಇದೆ ಅಕ್ಕ, ಒಂದು ಕಡೆ ಕಂದಾಗಿದೆ. ಎಕ್ಸ್‌ಟಿ60 ಬೆಸುಗೆ ನನಗೆ ಬರುತ್ತಾ? 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ.

ಕಡಲತಡಿ:
ಬರುತ್ತೆ, ಆದರೆ 25 ವ್ಯಾಟ್ ಸಾಲದು. ದಪ್ಪ ವೈರ್ ಬಿಸಿಯನ್ನೆಲ್ಲ ಕುಡಿದುಬಿಡುತ್ತೆ, ಸೀಸ ಮೇಲೆ ಉಂಡೆ ಕಟ್ಟಿ ಕೂರುತ್ತೆ. 60 ವ್ಯಾಟ್‌ದು ಯಾರ ಹತ್ರಾದ್ರೂ ಕೇಳಿ ತನ್ನಿ. ಬೆಸೆಯುವಾಗ ಕನೆಕ್ಟರ್‌ಗೆ ಅದರ ಜೋಡಿಯನ್ನು ಸಿಕ್ಕಿಸಿಡಿ, ಆ ಜೋಡಿಗೆ ವೈರ್ ಇರಬಾರದು. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆ ಆಗಲ್ಲ. ವೈರ್‌ಗೂ ಪಿನ್‌ಗೂ ಮೊದಲೇ ಬೇರೆಬೇರೆ ಸೀಸ ಹಿಡಿಸಿ, ಆಮೇಲೆ ಕೂಡಿಸಿ. ಹೀಟ್ ಶ್ರಿಂಕ್ ಟ್ಯೂಬನ್ನು ಬೆಸೆಯುವ ಮುಂಚೆಯೇ ವೈರ್‌ಗೆ ತೂರಿಸಿ, ಇದನ್ನ ಎಲ್ಲರೂ ಮರೀತಾರೆ.

ಒಂದು ಮಾತ್ರ ಜಾಗ್ರತೆ. ಬ್ಯಾಟರಿ ಕಡೆ ಕೆಂಪು, ಕಪ್ಪು ಎರಡೂ ವೈರ್ ಒಟ್ಟಿಗೆ ಕತ್ತರಿಸಬೇಡಿ. ಕತ್ತರಿಯೇ ಎರಡನ್ನೂ ಸೇರಿಸಿ ಶಾರ್ಟ್ ಆಗುತ್ತೆ. ಒಂದನ್ನು ಕತ್ತರಿಸಿ, ಬೆಸೆದು, ಟ್ಯೂಬ್ ಮುಚ್ಚಿ, ಆಮೇಲೆ ಇನ್ನೊಂದು.

ವೇಗದೂತ:
ಕಪ್ಪು ವೈರ್ ಮೈನಸ್‌ಗೆ. ಕನೆಕ್ಟರ್ ಮೇಲೇ ಗುರುತು ಇರುತ್ತೆ. ಮತ್ತೆ, ಇಎಸ್‌ಸಿ ಜಂಪರ್ (ಬ್ಯಾಟರಿ ಬಗೆ ಆರಿಸೋ ಪುಟ್ಟ ಪಿನ್ ಟೋಪಿ) ಲಿಪೊ ಕಡೆಗಿದೆಯಾ ನೋಡಿ. ಎನ್‌ಐಎಂಎಚ್ (ಇನ್ನೊಂದು ಬಗೆಯ ಬ್ಯಾಟರಿ) ಕಡೆಗಿದ್ದರೆ ಲಿಪೊ ಅತಿಯಾಗಿ ಖಾಲಿಯಾಗಿ ಊದಿಕೊಳ್ಳುತ್ತೆ.

ಕೆಂಪುಧೂಳು:
ಎಲ್ಲ ಆಯ್ತು! ಬೆಲ್‌ಕ್ರ್ಯಾಂಕ್ ಬುಶ್ ತುಂಬ ಕೆಂಪು ಮಣ್ಣು. ಬಿಚ್ಚಿ ಒರೆಸಿ, ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿದೆ. ಹಾರ್ನ್ ಸರಿಯಾಗಿ ಕೂರಿಸಿದೆ. ಎಕ್ಸ್‌ಟಿ60 ಕೂಡ ಹಾಕಿದೆ. ಜಂಪರ್ ಲಿಪೊ ಕಡೆಗೇ ಇತ್ತು. ಈಗ ಎಷ್ಟು ತಿರುಗಿಸಿದರೂ ದೀಪ ಆರಲ್ಲ. ಆದರೆ ಮೋಟಾರ್ ಮುಟ್ಟೋಕೆ ಆಗದಷ್ಟು ಬಿಸಿ ಆಗುತ್ತೆ, ಇದು ಮಾಮೂಲಾ?

ಸೋಲ್ಡರ್‌ಮಾವ:
ಬೆಚ್ಚಗಾಗೋದು ಮಾಮೂಲು, ಮುಟ್ಟಲಾಗದಷ್ಟು ಅಂದರೆ ಜಾಸ್ತಿ. ಮೋಟಾರಿನ ಪುಟ್ಟ ಗೇರ್ ಪಿನಿಯನ್ನೂ ಅದು ತಿರುಗಿಸುವ ದೊಡ್ಡ ಸ್ಪರ್ ಗೇರೂ ಒತ್ತಿಕೊಂಡಿರಬಹುದು. ಮೋಟಾರ್ ಸ್ಕ್ರೂ ಸಡಿಲಿಸಿ, ನೋಟ್‌ಬುಕ್ ಹಾಳೆಯ ಪಟ್ಟಿ ಎರಡು ಗೇರ್ ನಡುವೆ ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡು. ಗೇರ್ ತಿರುಗಿಸಿ ಪಟ್ಟಿ ಹೊರಗೆ ತೆಗಿ. ಅದರ ಮೇಲೆ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಸ್ಪರ್ ಗೇರ್‌ನ ಸುತ್ತ ನಾಲ್ಕು ಕಡೆ ಪರೀಕ್ಷಿಸು, ಕೆಲವು ಪೂರ್ತಿ ಗುಂಡಗಿರಲ್ಲ. ಪಿನಿಯನ್‌ನ ಪುಟ್ಟ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಚೂರು ಹಚ್ಚು. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಹಚ್ಚಬೇಡ, ಪ್ಲಾಸ್ಟಿಕ್ ಸೀಳುತ್ತೆ. ಆಮೇಲೂ ಬಿಸಿ ಇಳಿಯದಿದ್ದರೆ ಒಂದೆರಡು ಹಲ್ಲು ಕಡಿಮೆ ಇರೋ ಪಿನಿಯನ್ ಹಾಕು. ವೇಗ ಸ್ವಲ್ಪ ಕಡಿಮೆ ಆಗುತ್ತೆ, ಮೋಟಾರ್ ಉಳಿಯುತ್ತೆ.

ಕೆಂಪುಧೂಳು:
ಸರಿ ಮಾವ, ಇವತ್ತೇ ಮಾಡ್ತೀನಿ. ಬೇರಿಂಗ್‌ಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ಮನೇಲಿ ಅದೇ ಇರೋದು.

ಕಡಲತಡಿ:
ಬೇಡ್ವೇ ಬೇಡ, ಚಳಿಗೆ ಗಟ್ಟಿಯಾಗಿ ಕೂರುತ್ತೆ. ಹೊಲಿಗೆ ಮೆಷಿನ್ ಎಣ್ಣೆ ತನ್ನಿ. ಒಣ ಬ್ರಶ್‌ನಿಂದ ಧೂಳು ತೆಗೆದು ಬೇರಿಂಗ್‌ಗೆ ಒಂದು ಹನಿ ಹಾಕಿ, ಹೊರಗೆ ಬಂದಿದ್ದನ್ನ ಒರೆಸಿ. ಜಾಸ್ತಿ ಹಾಕಿದರೆ ನಿಮ್ಮೂರಿನ ಮಣ್ಣೆಲ್ಲ ಅಲ್ಲೇ ಅಂಟಿಕೊಳ್ಳುತ್ತೆ.