ಎರಡು ಸ್ಪ್ರಿಂಗ್ ತಕ್ಕಡಿ ಒಂದೇ ಅಂಕಿ ತೋರಸ್ತಿಲ್ಲ: ಮೂರನೇ ನಿಯಮ ಮಕ್ಕಳಿಗೆ ಹೆಂಗ ಒಪ್ಪಿಸೋದು?

ಮಾನ್ವಿ ಮಾಸ್ತರ್

ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳ ಪಾಠ ನಡದದ. ನ್ಯೂಟನ್ನನ ಮೂರನೇ ನಿಯಮ (ಪ್ರತಿ ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ) ತೋರಸ್ಲಿಕ್ಕೆ ಎರಡು ಸ್ಪ್ರಿಂಗ್ ತಕ್ಕಡಿ ಕೊಂಡಿಗೆ ಕೊಂಡಿ ಹಾಕಿ ಎಳೆಯೋ ಪ್ರಯೋಗ. ಎರಡೂ 10 ನ್ಯೂಟನ್ನಿನವು, ಒಂದು ಗೆರಿ ಅಂದ್ರ 0.1 ನ್ಯೂಟನ್. ಟೇಬಲ್ ಮ್ಯಾಲೆ ಅಡ್ಡ ಮಲಗಿಸಿ ಎಳದ್ರ ಎ ತಕ್ಕಡಿ 5.0 ತೋರಸ್ತದ, ಬಿ 4.8. ಇನ್ನು ಎ-ನ ಮೊಳಿಗೆ ತೂಗಹಾಕಿ, ಅದರ ಕೊಂಡಿಗೆ ಬಿ, ಬಿ-ನ ಕೊಂಡಿಗೆ 500 ಗ್ರಾಂ ತೂಕದಕಲ್ಲು ಕಟ್ಟಿದ್ರ ಎ 5.7, ಬಿ 4.9. ಹುಡುಗರು "ಸರ್, ನಿಯಮಾನೇ ತಪ್ಪದ" ಅಂತ ನಗತಾವ. ತಕ್ಕಡಿ ಕೆಟ್ಟದ ಅಂದು ಮುಂದ ಹೋಗಬಹುದು, ಆದ್ರ ಅದು ಉತ್ತರ ಅಲ್ಲ.

ಎರಡನೇದು, ಬಂಡಿ. ಎತ್ತು ಬಂಡೀನ ಎಷ್ಟು ಬಲದಿಂದ ಎಳೀತದೋ ಬಂಡಿನೂ ಎತ್ತನ್ನ ಅಷ್ಟೇ ಬಲದಿಂದ ಹಿಂದಕ್ಕ ಎಳೀತದ. ಎರಡೂ ಸಮ, ದಿಕ್ಕು ವಿರುದ್ಧ, ಅಂದ ಮ್ಯಾಲೆ ಕಳದು ಸೊನ್ನಿ ಆಗಬೇಕು, ಬಂಡಿ ನಿಂತಲ್ಲೇ ನಿಲ್ಲಬೇಕು. ಹುಡುಗಿ ಒಬ್ಬಾಕಿ ಹಿಂಗ ಕೇಳಿದಾಳ. ಇದಕ್ಕ ರಾಯಚೂರು ಕೋಟೆ ಗೋಡ್ಯಾಗಿನ ಆ ಉದ್ದನೆ ಕಲ್ಲನ್ನೇ ಉದಾಹರಣೆ ಹಿಡದು ಲೆಕ್ಕ ಹಾಕಿಸಬೇಕು ಅಂತದ. ಅಂಕಿಗಳ ಜೊತಿ ಯಾರಾದ್ರೂ ಬಿಡಿಸಿ ಹೇಳ್ರಿ.

ಕುಷ್ಟಗಿ ಲ್ಯಾಬ್

ಎರಡು ಪ್ರಯೋಗದಾಗ ಎರಡು ಬ್ಯಾರೆ ಬ್ಯಾರೆ ಸಂಗತಿ ಐತ್ರಿ ಸರ್.

ತೂಗಹಾಕಿದ್ದು ಮೊದ್ಲು ನೋಡ್ರಿ. ಎ ಅಳಿಯೋದು ಎ-ನ ಕೊಂಡಿಗೂ ಬಿ-ನ ಮ್ಯಾಲಿನ ಬಳಿಗೂ ನಡುವಿನ ಬಲ. ಬಿ ಅಳಿಯೋದು ಬಿ-ನ ಕೊಂಡಿಗೂ ತೂಕದಕಲ್ಲಿಗೂ ನಡುವಿನ ಬಲ. ಇವು ಒಂದೇ ಕ್ರಿಯೆ-ಪ್ರತಿಕ್ರಿಯೆ ಜೋಡಿ ಅಲ್ಲ, ಎರಡು ಜೋಡಿ. ಎ ಕಲ್ಲಿನ ಜೊತಿ ಬಿ ತಕ್ಕಡೀನೂ ಹೊತ್ತಿರ್ತತಿ. ವ್ಯತ್ಯಾಸ 0.8 ನ್ಯೂಟನ್, ಗುರುತ್ವದ ವೇಗೋತ್ಕರ್ಷ 9.78ರಿಂದ ಭಾಗಿಸಿದ್ರ ಸುಮಾರು 82 ಗ್ರಾಂ. ಬಿ ತಕ್ಕಡೀನ ಬಂಗಾರದಂಗಡಿ ತಕ್ಕಡಿ ಮ್ಯಾಲೆ ಇಟ್ಟು ನೋಡ್ರಿ. ಒಂದು ಗೆರಿ ಆಚೆ ಈಚೆ ಓದಿರಬಹುದು, ಹಂಗಾಗಿ 72ರಿಂದ 92 ಗ್ರಾಂ ಒಳಗ ಬಂದ್ರ ಲೆಕ್ಕ ಕೂಡಿತು. ನಿಯಮಕ್ಕ ಏನೂ ಆಗಿಲ್ಲ.

ಅಡ್ಡ ಮಲಗಿಸಿದ್ದರಾಗ ತಪ್ಪು ತಕ್ಕಡೀದು. ಕಾರ್ಖಾನ್ಯಾಗ ಸೊನ್ನಿ ಹಚ್ಚೋದು ತಕ್ಕಡಿ ನೆಟ್ಟಗ ತೂಗುಬಿದ್ದಾಗ. ಆಗ ಕೊಂಡಿ ಮತ್ತು ಒಳಗಿನ ಸರಳಿನ ತೂಕ ಸ್ಪ್ರಿಂಗನ್ನ ಸ್ವಲ್ಪ ಎಳದಿರ್ತತಿ, ಅದನ್ನ ಸೇರಿಸಿಯೇ ಸೊನ್ನಿ. ಮಲಗಿಸಿದ ಕೂಡ್ಲೆ ಆ ತೂಕ ಸ್ಪ್ರಿಂಗ್ ಮ್ಯಾಲೆ ಇರಂಗಿಲ್ಲ. ಕೊಂಡಿ-ಸರಳು 20 ಗ್ರಾಂ ಇದ್ರ ತಕ್ಕಡಿ 0.2 ನ್ಯೂಟನ್ ಕಡಿಮಿ ಓದ್ತತಿ. ಇದು ಕಣ್ಣಿಗೆ ಬೀಳಂಗಿಲ್ಲ, ಯಾಕಂದ್ರ ಮುಳ್ಳು ಸೊನ್ನಿಗಿಂತ ಹಿಂದಕ್ಕ ಹೋಗದಂಗ ತಡಿ ಇರ್ತತಿ. ಬರೇ ಮಲಗಿಸಿ ನೋಡಿದ್ರ ಮುಳ್ಳು ಸೊನ್ನಿ ಮ್ಯಾಲೇ ಐತಿ ಅನಸ್ತತಿ. ಕೊಂಡಿ ದಪ್ಪ ಇದ್ದ ತಕ್ಕಡಿಗೆ ತಪ್ಪು ಜಾಸ್ತಿ. ಇದರ ಜೊತಿ ಸರಳು ಕೊಳವಿಗೆ ತಿಕ್ಕಿದ್ರ ಇನ್ನೊಂದು 0.1 ಹೋಗ್ತತಿ.

ಮೊದ್ಲು ಅದಲು ಬದಲು ಮಾಡ್ರಿ: ಎ ಇದ್ದ ಕೈಗೆ ಬಿ, ಬಿ ಇದ್ದ ಕೈಗೆ ಎ. ಕಡಿಮಿ ಅಂಕಿ ಬಿ-ನ ಜೊತಿಗೇ ಹೋದ್ರ ದೋಷ ಬಿ-ದು. ಕೈ ಜೊತಿ ಉಳದ್ರ ಎಳೆಯೋ ರೀತಿದು, ಅಂದ್ರ ಎರಡು ತಕ್ಕಡಿ ಒಂದೇ ಸಾಲಿನಾಗ ಇಲ್ಲ, ಕೊಂಡಿ ಓರೆ ಆಗಿ ಸರಳು ತಿಕ್ಕಾಕತ್ತೈತಿ.

ಆಮ್ಯಾಲೆ ತಿದ್ದುಪಡಿ. ಎ-ನ ಸರಿ ಅಂತ ಹಿಡದು ಬಿ-ನ ಅದಕ್ಕ ಹೊಂದಿಸಬ್ಯಾಡ್ರಿ! ಎರಡೂ ಸಮ ಅಂತ ಮೊದ್ಲೇ ಒಪ್ಪಿಕೊಂಡು, ಆಮ್ಯಾಲೆ ಸಮ ಐತಿ ಅಂತ ತೋರಿಸಿದಂಗ ಆಗ್ತತಿ. ಹುಷಾರಿ ಹುಡುಗರು ಹಿಡೀತಾವ. ಒಂದೊಂದನ್ನೂ ಬ್ಯಾರೆ ಬ್ಯಾರೆ ಪರೀಕ್ಷೆ ಮಾಡ್ರಿ. ಟೇಬಲ್ ಅಂಚಿಗೆ ರಾಟಿ ಕಟ್ಟಿ, ದಾರ ದಾಟಿಸಿ, 500 ಗ್ರಾಂ ಇಳಿಬಿಡ್ರಿ. ಈ ಕಡೆ ಅಡ್ಡ ಮಲಗಿದ ತಕ್ಕಡಿ 4.9 ತೋರಿಸ್ಬೇಕು. ರಾಟಿಗೂ ಘರ್ಷಣೆ ಇರ್ತತಿ, ಅದಕ್ಕ ಕಲ್ಲನ್ನ ಮೆಲ್ಲಕ ಏರಿಸುವಾಗ ಒಂದು, ಇಳಿಸುವಾಗ ಒಂದು ಓದಿ ಸರಾಸರಿ ತಗೋರಿ. 200 ಗ್ರಾಂ, 800 ಗ್ರಾಂನಾಗೂ ಹಿಂಗೇ ಮಾಡ್ರಿ. ತಪ್ಪು ಎಲ್ಲಾ ಕಡೆ ಅಷ್ಟೇ ಇದ್ರ ಸೊನ್ನಿ ದೋಷ, ಕೂಡಿಸಿದ್ರ ಮುಗೀತು. ಭಾರದ ಜೊತಿ ಬೆಳೀತಾ ಹೋದ್ರ ಸ್ಪ್ರಿಂಗ್ ಸೋತೈತಿ, ಅಂಥದನ್ನ ಪಕ್ಕಕ್ಕ ಇಡ್ರಿ.

ಸಿಂಧನೂರು ಗಾಲಿ

ಬಂಡಿದು ಸುಲಭ ಅದ ಅಲ್ರಿ. ಎತ್ತು ಜಾಸ್ತಿ ಬಲ ಹಾಕ್ತದ, ಬಂಡಿ ಕಡಿಮಿ ಹಾಕ್ತದ, ಅದಕ್ಕ ಮುಂದಕ್ಕ ಹೋಗ್ತದ. ಎರಡೂ ಸಮ ಇರೋದು ನಿಂತಾಗ ಮಾತ್ರ.

ಬಳ್ಳಾರಿ ಗುಡ್ಡ

ಇಲ್ಲ, ಹಾಗಲ್ಲ. ಪರೀಕ್ಷೆಯಲ್ಲಿ ಅತಿ ಹೆಚ್ಚು ಮಕ್ಕಳು ಬರೆಯುವ ತಪ್ಪು ಉತ್ತರ ಇದೇ. ಬಂಡಿ ನಿಂತಿರಲಿ, ಓಡುತ್ತಿರಲಿ, ಹಳ್ಳಕ್ಕೆ ಬೀಳುತ್ತಿರಲಿ, ಆ ಎರಡು ಬಲಗಳು ಯಾವ ಕ್ಷಣದಲ್ಲೂ ಸಮವೇ. ಆದರೆ ಒಂದು ಬಂಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳನ್ನು ಕೂಡಿಸಿ ಕಳೆಯುವ ಹಾಗಿಲ್ಲ. ನನ್ನ ಸಾಲವನ್ನು ನಿಮ್ಮ ಖಾತೆಯಲ್ಲಿ ಕಳೆಯಲಿಕ್ಕೆ ಬರುತ್ತದೆಯೇ? ಬಂಡಿ ಹೊರಡುತ್ತದೋ ಇಲ್ಲವೋ ಎಂದು ತಿಳಿಯಲು ಬಂಡಿಯ ಮೇಲಿನ ಬಲಗಳನ್ನಷ್ಟೇ ಬರೆಯಬೇಕು: ಮುಂದಕ್ಕೆ ಹಗ್ಗದ ಎಳೆತ, ಹಿಂದಕ್ಕೆ ಗಾಲಿಯ ತಡೆ.

ಇನ್ನು ಕೋಟೆಯ ಕಲ್ಲು. ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿರುವ ಶಾಸನದ ಚಪ್ಪಡಿ 41 ಅಡಿ 5 ಇಂಚು ಉದ್ದ, 3 ಅಡಿ ಅಗಲ. ಶಾಸನದ ಕಾಲ 1294. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ, ಹಾಗಾಗಿ ನಿಮ್ಮ ಬಂಡಿ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ. ದಪ್ಪ 2 ಅಡಿ ಎಂದು ಲೆಕ್ಕಕ್ಕೆ ಹಿಡಿಯೋಣ. ಗಾತ್ರ ಸುಮಾರು 248 ಘನ ಅಡಿ, ಅಂದರೆ 7 ಘನ ಮೀಟರ್. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಒಟ್ಟು ರಾಶಿ 19 ಟನ್, ತೂಕ ಸುಮಾರು 1,86,000 ನ್ಯೂಟನ್. ರಾಶಿ ಬೇರೆ, ತೂಕ ಬೇರೆ ಎಂದು ಹೇಳಲಿಕ್ಕೆ ಇದೇ ಜಾಗ.

ನೆಲದ ಮೇಲೆ ಹಾಗೇ ಎಳೆದರೆ ಘರ್ಷಣಾಂಕ 0.6 ಎಂದುಕೊಳ್ಳಿ, 1,11,600 ನ್ಯೂಟನ್ ಬೇಕು. ಒಂದು ಕೋಣ ನಿಲ್ಲದೆ ಎಳೆಯಬಲ್ಲದ್ದು ಅದರ ತೂಕದ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು; 450 ಕೆಜಿ ಕೋಣಕ್ಕೆ 500 ನ್ಯೂಟನ್ ಇಡೋಣ. ಆಗ 220ಕ್ಕೂ ಹೆಚ್ಚು ಕೋಣ ಬೇಕು. ಗಾಲಿಯ ಮೇಲೆ ಏರಿಸಿದರೆ, ಗಟ್ಟಿ ನೆಲದಲ್ಲಿ ತಡೆ ತೂಕದ 0.05 ಪಾಲು ಎಂದು ಹಿಡಿದರೆ, 9,300 ನ್ಯೂಟನ್ ಸಾಕು. ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಗಾಲಿ ಹೂತು ಈ ಪಾಲು 0.2 ಆದರೆ ಮತ್ತೆ 37,000 ನ್ಯೂಟನ್. ಇಂಥ ಕೆಲಸಕ್ಕೆ ಬೇಸಿಗೆಯೇ ಸರಿ.

ಈಗ 24 ಕೋಣ ಹೂಡಿ. ಬಂಡಿಯ ತೂಕ ಸದ್ಯಕ್ಕೆ ಬಿಡಿ.

ಬಂಡಿಯ ಮೇಲೆ: ಮುಂದಕ್ಕೆ 12,000, ಹಿಂದಕ್ಕೆ 9,300, ಉಳಿದದ್ದು 2,700 ನ್ಯೂಟನ್. 19,000 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ 0.14 ಮೀ/ಸೆ².

ಕೋಣಗಳ ಮೇಲೆ: ಹಗ್ಗ ಹಿಂದಕ್ಕೆ ಎಳೆಯುವುದು ಅದೇ 12,000, ಒಂದು ನ್ಯೂಟನ್ನೂ ಕಡಿಮೆ ಇಲ್ಲ. ಹಾಗಿದ್ದರೂ 10,800 ಕೆಜಿಯ ಕೋಣಗಳ ಹಿಂಡು ಅದೇ 0.14ರಲ್ಲಿ ಮುಂದೆ ಸಾಗುತ್ತಿದೆ, ಅದಕ್ಕೆ 1,500 ನ್ಯೂಟನ್ ಉಳಿಯಬೇಕು. ಅಂದರೆ ನೆಲ ಗೊರಸುಗಳನ್ನು 13,500 ನ್ಯೂಟನ್ನಿನಿಂದ ಮುಂದಕ್ಕೆ ತಳ್ಳಬೇಕು. ನೆಲಕ್ಕೆ ಆ ಬಲ ಎಲ್ಲಿಂದ? ಗೊರಸು ನೆಲವನ್ನು ಹಿಂದಕ್ಕೆ ಒದ್ದಿದ್ದರ ಪ್ರತಿಕ್ರಿಯೆ. ಸಿಂಧನೂರಿನವರು ಹೇಳಿದ ಹೆಚ್ಚಿನ ಬಲ ಇರುವುದು ಇಲ್ಲಿ, ಹಗ್ಗದಲ್ಲಲ್ಲ. ನೆಲ ಜಾರಿದರೆ ಆ ಬಲವೇ ಹುಟ್ಟುವುದಿಲ್ಲ. ಕೋಣ ಕೆಸರಲ್ಲಿ ಕಾಲು ಎಳೆದುಕೊಂಡು ನಿಲ್ಲುತ್ತದೆ.

ಹಗ್ಗ ಹರಿಯುವುದು ಯಾವಾಗಲೂ ಬಂಡಿಯ ಹತ್ತಿರ. ಸಾಲಾಗಿ ಹೂಡಿದಾಗ ಎಲ್ಲಕ್ಕಿಂತ ಮುಂದಿನ ಜೋಡಿಯ ಹಿಂದೆ ಹಗ್ಗದಲ್ಲಿ 1,000 ನ್ಯೂಟನ್ ಮಾತ್ರ, ಪ್ರತಿ ಜೋಡಿ ದಾಟಿದಂತೆ ಸಾವಿರ ಕೂಡುತ್ತಾ ಬಂಡಿಯ ಬಳಿ ಪೂರಾ 12,000. ಉದ್ದಕ್ಕೂ ಒಂದೇ ದಪ್ಪದ ಹಗ್ಗ ಹಾಕಿದರೆ ಮುಂದಿನದು ದಂಡ, ಹಿಂದಿನದು ಅಪಾಯ.

ಇಳಿಜಾರು ಇನ್ನೂ ಕೆಟ್ಟದ್ದು. 20 ಅಡಿಗೆ 1 ಅಡಿ ಇಳಿಯುವ ದಾರಿಯಲ್ಲಿ ಗುರುತ್ವದ ಪಾಲು ತೂಕದ ಇಪ್ಪತ್ತನೇ ಒಂದು ಭಾಗ, ಅದೂ 9,300 ನ್ಯೂಟನ್! ಗಾಲಿಯ ತಡೆಗೆ ಸರಿಸಮ. ಒಮ್ಮೆ ಹೊರಟ ಬಂಡಿ ಯಾರೂ ಎಳೆಯದೆಯೇ ಉರುಳುತ್ತದೆ. ಅದಕ್ಕಿಂತ ಕಡಿದಾದರೆ ಕೋಣಗಳ ಮೈಮೇಲೆ ಬರುತ್ತದೆ, ಹಿಂದಿನಿಂದ ಹಗ್ಗ ಹಿಡಿಯಲೇಬೇಕು.

ಸಿಂಧನೂರು ಗಾಲಿ

ಹೌದ್ರಿ, ಒಪ್ಪಿದೆ. ಆದ್ರ ಒಂದು. ಬಂಡಿ ಒಂದೇ ವೇಗದಾಗ ಹೊಂಟಾಗ?

ಬಳ್ಳಾರಿ ಗುಡ್ಡ

ಆಗ ಹಗ್ಗದಲ್ಲಿ 9,300 ಮಾತ್ರ. ಬಂಡಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಅಷ್ಟೇ, ಉಳಿಕೆ ಸೊನ್ನೆ, ವೇಗ ಬದಲಾಗದು. ಇದು ಮೊದಲನೇ ನಿಯಮ. ಈ ಎರಡು ಬಲ ಸಮವಾಗಿರುವುದನ್ನು ನೋಡಿ ಕ್ರಿಯೆ-ಪ್ರತಿಕ್ರಿಯೆ ಎಂದು ಬರೆದರೆ ತಪ್ಪು: ಎರಡೂ ಬಂಡಿಯ ಮೇಲೇ ಇವೆ.

ಮಾನ್ವಿ ಮಾಸ್ತರ್

ಕಲ್ಲಿನ ಲೆಕ್ಕ ಬೋರ್ಡ್ ಮ್ಯಾಲೆ ಹಾಗೇ ಹಾಕಬಹುದು. ಮುಂದಿನ ವಾರ ಸಂವೇಗ (ರಾಶಿ × ವೇಗ) ಅದ. ತಳ್ಳುಗಾಡಿ, ಟ್ರ್ಯಾಕು ನಮ್ಮಲ್ಲಿ ಏನೂ ಇಲ್ಲ. ಕೇರಂ ಬೋರ್ಡ್ ಒಂದದ. ಮತ್ತ ಕುಷ್ಟಗಿಯವರು 9.78 ಯಾಕ ಹಿಡದ್ರಿ, ಪುಸ್ತಕದಾಗ 9.8 ಅದ?

ಕುಷ್ಟಗಿ ಲ್ಯಾಬ್

ಭೂಮಿ ತಿರುಗೋದ್ರಿಂದ ಮತ್ತು ನಡುವ ಉಬ್ಬಿರೋದ್ರಿಂದ ಸಮಭಾಜಕದ ಹತ್ರ 9.78, ಧ್ರುವದಾಗ 9.83. ನಾವಿರೋದು 16 ಡಿಗ್ರಿ ಅಕ್ಷಾಂಶದಾಗ, ಇಲ್ಲಿ 9.78. ಶಾಲಿ ತಕ್ಕಡಿಗೆ ಈ ಫರಕು ಕಾಣಂಗಿಲ್ಲ, ಮಕ್ಕಳು 9.8 ಬರೀಲಿ.

ಕೇರಂ ಬೋರ್ಡ್ ಸಾಕು, ಟ್ರ್ಯಾಕಿಗಿಂತ ಒಳ್ಳೇದು ಅಂತೀನಿ. ಸ್ಟ್ರೈಕರ್ ಮಾತ್ರ ಬ್ಯಾಡ. ಅದು ಪ್ಲಾಸ್ಟಿಕ್ಕು, ಕಾಯಿ ಕಟ್ಟಿಗೀದು. ಬೋರ್ಡಿನ ಮ್ಯಾಲೆ ಎರಡರ ಘರ್ಷಣೆ ಬ್ಯಾರೆ ಆಗಿ ಲೆಕ್ಕ ಕೆಡ್ತತಿ. ಎರಡು ಕಾಯಿ ಒಂದರ ಮ್ಯಾಲೊಂದು ಫೆವಿಕಾಲ್‌ನಿಂದ ಅಂಟಿಸಿ ರಾತ್ರಿ ಒಣಗಾಕ ಬಿಡ್ರಿ. ರಾಶಿ ಎರಡರಷ್ಟು, ತಳ ಅದೇ ಕಟ್ಟಿಗೀದು. ಮೂರು ಅಂಟಿಸಿದ್ರ ಎತ್ತರಾಗಿ, ತಳದಾಗ ಡಿಕ್ಕಿ ಬಿದ್ದಾಗ ವಾಲ್ತತಿ.

ನಯವಾದ ಹಲಗಿ ಒಂದನ್ನ ಸುಮಾರು 30 ಡಿಗ್ರಿ ಓರೆ ಇಟ್ಟು, ಗುರುತು ಹಾಕಿದ ಒಂದೇ ಜಾಗದಿಂದ ಜೋಡಿ ಕಾಯಿ ಬಿಡ್ರಿ, ಕೈಯಿಂದ ನೂಕಬ್ಯಾಡ್ರಿ. ಹಲಗಿ ಬೋರ್ಡಿಗೆ ಕೂಡೋ ಕಡೆ ದಪ್ಪ ಕಾಗದ ಬಾಗಿಸಿ ಅಂಟಿಸ್ರಿ, ಇಲ್ಲಾಂದ್ರ ಅಲ್ಲಿ ಎಡವಿ ಜಿಗೀತತಿ. ಹಲಗಿ ಮುಗದಲ್ಲಿಂದ 5 ಸೆಂಮೀ ಮುಂದ ಒಂದು ಗೆರಿ. ಮೊದ್ಲು ಎದುರಿಗೆ ಏನೂ ಇಡದೆ, ಗೆರಿಯಿಂದ ಜೋಡಿ ಎಷ್ಟು ದೂರ ಜಾರಿ ನಿಲ್ತತಿ ಅಂತ ಅಳೀರಿ. ಆಮ್ಯಾಲೆ ಗೆರಿ ಮುಂದ ಒಂಟಿ ಕಾಯಿ ಇಟ್ಟು ಡಿಕ್ಕಿ ಹೊಡಿಸಿ, ಡಿಕ್ಕಿಯಾದ ಜಾಗದಿಂದ ಎರಡರ ದೂರಾನೂ ಅಳೀರಿ.

ಘರ್ಷಣೆ ಎರಡಕ್ಕೂ ಒಂದೇ ವೇಗಕುಗ್ಗು ಕೊಡ್ತತಿ. ಹಂಗಾಗಿ ವೇಗ ದೂರದ ವರ್ಗಮೂಲದ ಲೆಕ್ಕದಾಗ ಇರ್ತತಿ. ಗಡಿಯಾರ ಬೇಕೇ ಇಲ್ಲ. ಉದಾಹರಣೆಗೆ ಒಂಟಿಯಾಗಿ ಜಾರಿದ ಜೋಡಿ 40 ಸೆಂಮೀ, ಡಿಕ್ಕಿ ಆದ್ಮ್ಯಾಲೆ ಜೋಡಿ 6.4, ಕಾಯಿ 57.6 ಅಂತ ಬಂದ್ರ: ಮುಂಚೆ 2 × 6.32 = 12.64. ಆಮ್ಯಾಲೆ 2 × 2.53 + 7.59 = 12.65. ಸಂವೇಗ ಕೂಡಿತು. ಆದ್ರ ಚಲನಶಕ್ತಿ ವೇಗದ ವರ್ಗದ ಲೆಕ್ಕ, ಹಂಗಾಗಿ ಅದಕ್ಕ ರಾಶಿಗೆ ದೂರಾನೇ ಗುಣಿಸಿ ಕೂಡಿಸಿದ್ರ, ಮುಂಚೆ 2 × 40 = 80, ಆಮ್ಯಾಲೆ 12.8 + 57.6 = 70.4. ಉಳಿದಿದ್ದು ಟಕ್ ಅನ್ನೋ ಸದ್ದು, ಬಿಸಿ ಆಗಿ ಹೋತು. ಒಂದು ಉಳೀತತಿ, ಇನ್ನೊಂದು ಉಳಿಯಂಗಿಲ್ಲ ಅನ್ನೋದು ಒಂದೇ ಡಿಕ್ಕಿಯಾಗ ಕಾಣಸ್ತತಿ.

ಕೆಡೋದು ಎಲ್ಲಿ: ಕಾಯಿ ಓರೆ ಹಾರಿದ್ರ ಆ ಓದು ಬಿಟ್ಟುಬಿಡ್ರಿ, ನೇರ ಡಿಕ್ಕಿ ಮಾತ್ರ ಲೆಕ್ಕಕ್ಕ. ಪೌಡರ್ ಹಾಕಿದ್ರ ಬಟ್ಟಿಲೆ ಪೂರಾ ಒಂದೇ ಸಮ ಒರಸ್ರಿ. ಅದು ಸವದಂಗೆಲ್ಲಾ ದೂರ ಕಡಿಮಿ ಆಗ್ತತಿ, ಅದಕ್ಕ ಡಿಕ್ಕಿ ಇಲ್ಲದ್ದು, ಡಿಕ್ಕಿದ್ದು, ಮತ್ತ ಇಲ್ಲದ್ದು ಅಂತ ಒಂದು ಬಿಟ್ಟು ಒಂದು ಐದೈದು ಸಲ ಮಾಡ್ರಿ. ಬೋರ್ಡ್ ಮಟ್ಟ ಐತೋ ಇಲ್ಲೋ ಗೋಲಿ ಇಟ್ಟು ನೋಡ್ರಿ.

ಬಳ್ಳಾರಿ ಗುಡ್ಡ

ಕಲ್ಲಿಗೂ ಸಂವೇಗ ಹಚ್ಚಿ. 19,000 ಕೆಜಿ, ಸೆಕೆಂಡಿಗೆ ಅರ್ಧ ಮೀಟರ್: 9,500 ಕೆಜಿ ಮೀ/ಸೆ. 2 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ 4,750 ನ್ಯೂಟನ್. ಗಾಲಿ ಗುಂಡಿಗೆ ಬಡಿದು 0.1 ಸೆಕೆಂಡಿನಲ್ಲಿ ನಿಂತರೆ 95,000. ಸಂವೇಗದ ಬದಲಾವಣೆ ಅಷ್ಟೇ, ಅಚ್ಚು ಮುರಿಯುವುದು ಎರಡನೆಯದರಲ್ಲಿ.

ಮಾನ್ವಿ ಮಾಸ್ತರ್

ಅದಲು ಬದಲು ಮಾಡಿದ್ವಿ, ಕಡಿಮಿ ಅಂಕಿ ಬಿ-ನ ಜೊತಿಗೇ ಹೋತು. ರಾಟಿ ಮ್ಯಾಲೆ 500 ಗ್ರಾಂಗೆ ಎ 4.8, ಬಿ 4.6. ತಿದ್ದುಪಡಿ ಎ-ಗೆ 0.1, ಬಿ-ಗೆ 0.3, ಮೊದ್ಲು ಅಡ್ಡ ಎಳದಾಗಿನ 5.0, 4.8ಕ್ಕ ಕೂಡಿಸಿದ್ರ ಎರಡೂ 5.1. ಬಂಗಾರದಂಗಡ್ಯಾಗ ಬಿ 84 ಗ್ರಾಂ ತೂಗಿತು.