ಮನ್ಯಾಗ ಬೀರ್ ಮಾಡಬಹುದೇನ್ರಿ? ಹುಬ್ಬಳ್ಳಿ, ಮೇ ತಿಂಗಳು, 120 ಮಂದಿ

ವಿದ್ಯಾನಗರ_ಹುಬ್ಬಳ್ಳಿ:
ಮೇ ತಿಂಗಳದಾಗ ಅಪ್ಪಾರ 60ರ ಶಾಂತಿ ಐತಿ. ಮುಂಜಾನೆ ಹೋಮ, ಊಟ. ಸಂಜಿಕೆ ಮಾಳಗಿ ಮ್ಯಾಲೆ ಬೀಗರು, ಗೆಳೆಯರು ಕೂಡಿ 120 ಮಂದಿ. ಬೆಂಗಳೂರಿನ ಟಾಯ್ಟ್, ವಿಂಡ್‌ಮಿಲ್ಸ್‌ನಂಥಾ ಮೈಕ್ರೋಬ್ರೂವರಿ (ತಾವ ಬೀರ್ ಮಾಡಿ ಕೊಡೋ ಪಬ್) ಕಡೆ ಗೋಧಿ ಬೀರಿನಾಗ ಬಾಳೆಹಣ್ಣು, ಲವಂಗದ ವಾಸನಿ ಬರ್ತೈತಲ್ಲ, ಅದೇನು ಎಸೆನ್ಸ್ ಹಾಕ್ತಾರೇನು? ಅಂಥಾದ್ದು 20 ಲೀಟರ್ ಮನ್ಯಾಗ ಮಾಡಾಕ ಏನೇನು ಬೇಕು? ಕುಡಿಯದವರಿಗೆ, ಹುಡುಗರಿಗೆ ಗ್ಯಾಸ್ ಇರೋ ಪಾನಕಾನೂ ಬೇಕು.

ಸಪ್ತಾಪುರ_ಧಾರವಾಡ:
ಎಸೆನ್ಸ್ ಅಲ್ಲ, ಯೀಸ್ಟಿನ ಕೆಲಸ. ಗೋಧಿ ಬೀರಿಗೆ ಹಾಕುವ ತಳಿ ಹುದುಗುವಾಗ ಐಸೋಅಮೈಲ್ ಅಸಿಟೇಟ್ ಬಿಡುತ್ತದೆ, ಅದು ಬಾಳೆಹಣ್ಣಿನ ವಾಸನೆ. ಮಾಲ್ಟಿನಲ್ಲಿರುವ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಫೆರುಲಿಕ್ ಆಮ್ಲವನ್ನು ಅದೇ ಯೀಸ್ಟ್ 4-ವಿನೈಲ್ ಗ್ವಾಯಕಾಲ್ ಮಾಡುತ್ತದೆ, ಅದು ಲವಂಗ.

ಮನೆಯಲ್ಲಿ ಬೀರ್ ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಸನ್ನದಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಾರದಿದ್ದರೂ, ನೆಂಟರಿಗೇ ಕೊಟ್ಟರೂ ಅಷ್ಟೆ. ಮಾಲ್ಟ್, ಬೀರಿಗೆ ಕಹಿ ಕೊಡುವ ಹಾಪ್ಸ್ ಹೂ ಅಂಗಡಿಯಲ್ಲಿ ಸಿಗುತ್ತವೆ ಎಂದರೆ ಬೀರ್ ಮಾಡಲು ಪರವಾನಗಿ ಸಿಕ್ಕಿತು ಎಂದಲ್ಲ. ಸಂಜೆಯ ಕೂಟದಲ್ಲಿ ಪೇಟೆಯ ಬೀರ್ ಇಡುವುದಿದ್ದರೂ ಸಿಎಲ್-5 ಸಾಂದರ್ಭಿಕ ಸನ್ನದಿನ ಬಗ್ಗೆ ಅಬಕಾರಿ ಕಚೇರಿಯಲ್ಲಿ ಮೊದಲೇ ಕೇಳಿ.

ಕಾಯ್ದೆ ಬಿಟ್ಟರೂ ನಮ್ಮ ಮೇ ತಿಂಗಳು ಬಿಡುವುದಿಲ್ಲ. ಆ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ಹೊರಗೆ 36 ಇದ್ದಾಗ ಹುದುಗಿಸಿದರೆ ಫ್ಯೂಸೆಲ್ ಎಂಬ ಘಾಟು ಆಲ್ಕೋಹಾಲ್ ಹೆಚ್ಚಿ ಥಿನ್ನರ್ ವಾಸನೆ ಬರುತ್ತದೆ. ಮೈಕ್ರೋಬ್ರೂವರಿಯಲ್ಲಿ ತೊಟ್ಟಿಯ ಸುತ್ತ ಕೂಲಿಂಗ್ ಜಾಕೆಟ್ ಇರುವುದು ಇದಕ್ಕೇ.

ಗೋಲಿಸೋಡಾ_ಬೆಟಗೇರಿ:
120 ಮಂದಿಗೆ ಹುದುಗಿಸೋ ಉಸಾಬರಿನೇ ಬ್ಯಾಡ್ರಿ. ಶುಂಠಿ ಸಿರಪ್ ಮಾಡಿ ತಣ್ಣನ ಸೋಡಾ ಬೆರಸ್ರಿ. ತಲಿಗೆ 200 ಎಂಎಲ್ ಅಂದ್ರ 24 ಲೀಟರ್, 25 ಹಿಡೀರಿ. ಸಿರಪ್ 5 ಲೀಟರ್, ಸೋಡಾ 20 ಲೀಟರ್.

ಬಲಿತ ಶುಂಠಿ 750 ಗ್ರಾಂ ತೊಳದು ಸಿಪ್ಪಿ ಸಮೇತ ಜಜ್ಜಿ, ಮೂರೂವರಿ ಲೀಟರ್ ನೀರಾಗ ಮುಚ್ಚಳ ಹಾಕಿ ಸಣ್ಣ ಉರಿ ಮ್ಯಾಲೆ 20 ನಿಮಿಷ ಕುದಸ್ರಿ. ಮುಚ್ಚಳ ತಗದ್ರ ಘಮ ಎಲ್ಲಾ ಹಾರಿಹೋಗ್ತದ. ಸೋಸಿ, ಬಿಸಿ ಇದ್ದಾಗ 2 ಕೆಜಿ ಸಕ್ರಿ ಕರಗಸ್ರಿ. ಪೂರ್ತಿ ಆರಿದ ಮ್ಯಾಲೆ 750 ಎಂಎಲ್ ಲಿಂಬಿ ರಸ, ಒಂದು ಚಮಚ ಉಪ್ಪು. ರಸಕ್ಕ 35-40 ಲಿಂಬಿಹಣ್ಣು ಬೇಕಾಗ್ತಾವ. ಬಿಸಿಯೊಳಗ ಹಿಂಡಿದ್ರ ಹೊಸ ರಸದ ಪರಿಮಳ ಹೋಗ್ತದ. ಹಿಂದಿನ ದಿನ ಮಾಡಿ ಫ್ರಿಜ್ಜಿನಾಗ ಇಡ್ರಿ.

ಗ್ಲಾಸಿಗೆ ಮೊದಲ 40 ಎಂಎಲ್ ಸಿರಪ್, ಮ್ಯಾಲೆ 160 ಸೋಡಾ, ಒಮ್ಮೆ ತಿರುವ್ರಿ ಸಾಕು. ಸಿರಪ್ ಬೆಚ್ಚಗಿದ್ರ ಗ್ಯಾಸ್ ಎಲ್ಲಾ ನೊರಿಯಾಗಿ ಹೊರಗ ಬರ್ತದ. ದೊಡ್ಡ ಹಂಡೆಯೊಳಗ ಒಮ್ಮೆಲೆ ಬೆರಸಿ ಇಡಬ್ಯಾಡ್ರಿ, ಕಾಲು ತಾಸಿನಾಗ ಸಪ್ಪಗ ಆಗ್ತದ.

ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೆಂಪು ಮಾಡ್ತೀನಿ ಅಂತ ಕೆಲವರು ಹೊಂಟಿರ್ತಾರ. ಅದರ ಬಣ್ಣ ಎಣ್ಣ್ಯಾಗ ಕರಗ್ತದ, ನೀರಾಗಲ್ಲ. ಸಿರಪ್ಪಿಗೆ ಘಮ ಬರ್ತದ, ಕೆಂಪು ಬರಂಗಿಲ್ಲ. ಬಣ್ಣ ಬೇಕಂದ್ರ ಕೋಕಂ ನೆನಸಿದ ನೀರು ಹಾಕ್ರಿ, ಲಿಂಬಿ ಅರ್ಧಕ್ಕ ಇಳಸ್ರಿ.

ವಿದ್ಯಾನಗರ_ಹುಬ್ಬಳ್ಳಿ:
ಇದು ಚಲೋ ಆತು. ಆದ್ರೂ ತಾನಾಗೇ ಹುದುಗಿ ಗ್ಯಾಸ್ ಬಂದ ಶುಂಠಿ ಸೋಡಾ ಒಂದು ಐದು ಲೀಟರಾದ್ರೂ ಮಾಡಬೇಕಂತ ಆಸೆ. ಖಾಲಿ ಬೀರ್ ಬಾಟ್ಲಿ ಅದಾವು, ಅವಕ್ಕ ತುಂಬಬಹುದೇನು?

ಸಪ್ತಾಪುರ_ಧಾರವಾಡ:
ಗಾಜು ಬೇಡವೇ ಬೇಡ. ಲೆಕ್ಕ ನೋಡಿ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕೋಲಾದಷ್ಟು ಗ್ಯಾಸಿಗೆ 16 ಗ್ರಾಂ ಸಕ್ಕರೆ ಸಾಕು. ಆದರೆ ಸಿಹಿಗಾಗಿ ನೀವು ಹಾಕುವುದು 80 ಗ್ರಾಂ. ಉಳಿದ 64 ಗ್ರಾಂ ಬಾಟಲಿಯಲ್ಲೇ ಇದೆ, ಯೀಸ್ಟೂ ಅಲ್ಲೇ ಇದೆ. ತಡೆಯುವುದು ಫ್ರಿಜ್ಜಿನ ತಂಪು ಮಾತ್ರ. ಕರೆಂಟ್ ಹೋಗಿ ರಾತ್ರಿಯಿಡೀ ಹೊರಗೆ ಉಳಿದರೆ ಗಾಜು ಒಡೆದು ಚೂರು ಗೋಡೆಗೆ ನಾಟುತ್ತದೆ. ಸೋಡಾ ಬಂದಿದ್ದ ಪೆಟ್ (ಪ್ಲಾಸ್ಟಿಕ್) ಬಾಟಲಿಯನ್ನೇ ಬಳಸಿ. ಕುಡಿಯುವ ನೀರಿನ ತೆಳು ಬಾಟಲಿಯೂ ನಡೆಯದು.

ಇನ್ನೊಂದು ಮಾತು. ಆ 16 ಗ್ರಾಂ ಹುದುಗಿದರೆ ಸುಮಾರು ಶೇ 1 ಆಲ್ಕೋಹಾಲ್ ಬಂದಂತೆಯೇ. ಗ್ಯಾಸ್ ಬೇಕು, ಆಲ್ಕೋಹಾಲ್ ಬೇಡ ಎನ್ನುವ ಆಯ್ಕೆ ಯೀಸ್ಟಿನ ಹತ್ತಿರ ಇಲ್ಲ. ಅರ್ಧ ಗ್ಯಾಸಿಗೆ ನಿಲ್ಲಿಸಿದರೂ ಶೇ ಅರ್ಧ ಇರುತ್ತದೆ. ಹೀಗಾಗಿ ಮಕ್ಕಳು, ಬಸುರಿಯರು, ವ್ರತದವರಿಗೆ ಸಿರಪ್ಪಿನದ್ದೇ ಕೊಡಿ. ಅಬಕಾರಿ ಕಾಯ್ದೆಯ ದೃಷ್ಟಿಯಿಂದಲೂ ಇದನ್ನು ಮನೆಯ ನಾಲ್ಕು ಜನರ ಪ್ರಯೋಗಕ್ಕಿಂತ ದೊಡ್ಡದು ಮಾಡುವುದು ಜಾಣತನವಲ್ಲ; ಐದು ಲೀಟರ್ ಬದಲು ಒಂದು ಲೀಟರ್ ಮಾಡಿ ನೋಡಿ.

ಹುದುಗಿಸುವ ಹೆಪ್ಪಿಗೆ: ಅರ್ಧ ಲೀಟರ್ ನೀರು, ತುರಿದ ಶುಂಠಿ 15 ಗ್ರಾಂ, ಸಕ್ಕರೆ 15 ಗ್ರಾಂ. ಯೀಸ್ಟ್ ಇರುವುದು ಸಿಪ್ಪೆಯ ಮೇಲೆ, ಸಿಪ್ಪೆ ತೆಗೆಯಬೇಡಿ. ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ದಿನಕ್ಕೊಮ್ಮೆ ಅಷ್ಟಷ್ಟೇ ಶುಂಠಿ, ಸಕ್ಕರೆ ಹಾಕಿ ಕಲಕಿ. ನಮ್ಮ ಬೇಸಿಗೆಗೆ ಎರಡು-ಮೂರು ದಿನಕ್ಕೆ ಗುಳ್ಳೆ ಏಳುತ್ತವೆ. ತಳದಲ್ಲಿ ಬಿಳಿ ಗಸಿ ಕೂತರೆ ಚಿಂತೆಯಿಲ್ಲ. ಮೇಲೆ ಕಪ್ಪು, ಹಸಿರು ಬೂಷ್ಟು ಬಂದರೆ ಚೆಲ್ಲಿ. ಲೋಳೆಯಾಗಿ ಎಳೆ ಎಳೆ ಬಂದರೆ ಲ್ಯೂಕನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಡೆಕ್ಸ್ಟ್ರಾನ್ ಎಂಬ ಅಂಟು ಮಾಡಿದೆ ಎಂದರ್ಥ. ಅದನ್ನೂ ಚೆಲ್ಲಿ ಹೊಸದು ಹಚ್ಚಿ.

ಒಂದು ಲೀಟರಿಗೆ: 40 ಗ್ರಾಂ ಶುಂಠಿ ಕುದಿಸಿ ಸೋಸಿದ ನೀರು, 80 ಗ್ರಾಂ ಸಕ್ಕರೆ, ಒಂದು ಲಿಂಬೆ. 30 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಸೋಸಿದ ಹೆಪ್ಪು 50 ಎಂಎಲ್. ಬಿಸಿ ಇದ್ದಾಗ ಹಾಕಿದರೆ ಯೀಸ್ಟ್ ಸತ್ತುಹೋಗುತ್ತದೆ, ಮುಂದೆ ಎಷ್ಟು ಕಾದರೂ ಗ್ಯಾಸ್ ಬರದು. ಬಾಟಲಿಯಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು ಮುಚ್ಚಿ. ಆರು ತಾಸಿಗೊಮ್ಮೆ ಹಿಚುಕಿ ನೋಡಿ. ಒತ್ತಿದರೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ನಮ್ಮ ಸೆಕೆಗೆ 24 ತಾಸು ಹಿಡಿಯಬಹುದು, ಆದರೆ ಗಡಿಯಾರ ನಂಬಬೇಡಿ, ಬಾಟಲಿ ನಂಬಿ.

ಗೋಲಿಸೋಡಾ_ಬೆಟಗೇರಿ:
ನೀರಿನ ಸಂಗತಿ ಬಿಟ್ರಿ ನೋಡ್ರಿ. ಹುಬ್ಬಳ್ಳಿ-ಧಾರವಾಡಕ್ಕ ಬರೋ ಮಲಪ್ರಭಾ ನೀರಿಗೆ ಕ್ಲೋರಿನ್ ಹಾಕಿರ್ತಾರ, ಅದು ಹೆಪ್ಪು ಏಳಗೊಡಂಗಿಲ್ಲ. ಕುದಿಸಿ ಆರಿಸಿದ್ರ ಹೋಗ್ತದ. ಬೋರ್‌ವೆಲ್ ನೀರು ಗಡಸಿದ್ರ ಲಿಂಬಿ ಹುಳಿ ತಗ್ಗಿ ಪಾನಕ ಸಪ್ಪಗಾಗ್ತದ. ಆರ್‌ಓ ನೀರು ಹಾಕ್ರಿ. ಬೆಲ್ಲ ಹಾಕೋದಿದ್ರ ಅರ್ಧ ಬೆಲ್ಲ, ಅರ್ಧ ಸಕ್ರಿ. ಪೂರ್ತಿ ಬೆಲ್ಲ ಹಾಕಿದ್ರ ಅದರ ಗಸಿಯಿಂದ ಮುಚ್ಚಳ ತಗಿಯೂ ಮುಂದ ಅರ್ಧ ಬಾಟ್ಲಿ ಉಕ್ಕಿ ಹೋಗ್ತದ.

ವಿದ್ಯಾನಗರ_ಹುಬ್ಬಳ್ಳಿ:
ಒಂದು ಲೀಟರಿನ ಎರಡು ಬಾಟ್ಲಿ ಮಾಡ್ತೀನಿ. ಒಂದು ಹಾವೇರಿಗೆ ಅಕ್ಕಾರ ಮನಿಗೆ ಕಾರಿನಾಗ ಒಯ್ಯಬಹುದೇನು?

ಸಪ್ತಾಪುರ_ಧಾರವಾಡ:
ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಾದರೆ ಆಗಬಹುದು. ಡಿಕ್ಕಿಯಲ್ಲಿ ಹಾಗೇ ಇಡಬೇಡಿ. 4 ಡಿಗ್ರಿಯಲ್ಲಿ 2 ಬಾರ್‌ಗಿಂತ (ಒತ್ತಡದ ಅಳತೆ) ಕಡಿಮೆ ಇರುವ ಒತ್ತಡ 35 ಡಿಗ್ರಿಗೆ 5 ಬಾರ್ ದಾಟುತ್ತದೆ, ಸಾಲದ್ದಕ್ಕೆ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಹಾವೇರಿ ಮುಟ್ಟಿದ ಮೇಲೆ ಎರಡು ತಾಸು ಫ್ರಿಜ್ಜಿನಲ್ಲಿ ನಿಲ್ಲಿಸಿ, ಆಮೇಲೆ ಮುಚ್ಚಳವನ್ನು ಸ್ವಲ್ಪ ತಿರುಗಿಸಿ, ಸುಯ್ ಎಂದ ಕೂಡಲೇ ಮತ್ತೆ ಬಿಗಿ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿ ತೆಗೆಯಿರಿ. ಸಿಂಕಿನ ಮೇಲೆ ತೆಗೆದರೆ ಇನ್ನೂ ಒಳ್ಳೆಯದು.